ಆಟದ ಸರ್ವರ್‌ಗೆ ಕಸಾಪದಂಥ ಹೆಸರು

ಎಂಟಿಆರ್‌ನ ರವೆ ಇಡ್ಲಿ, ಸಿಟಿಆರ್‌ನ ಬೆಣ್ಣೆ ಮಸಾಲೆ, ಕೆ.ಆರ್. ಮಾರ್ಕೆಟ್‌ನ ಹೂವು. ಹಳೇ ಬೆಂಗಳೂರಿನ ಮಾತಿಗೆ ಇನಿಷಿಯಲ್ ಬೇಕೇ ಬೇಕು. ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮ್ 'ಶ್ರೀ ಸಾಗರ್' ಆಗಿ ಎಷ್ಟೋ ವರ್ಷಗಳಾದರೂ ಜನ ಹೋಗುವುದು ಸಿಟಿಆರ್‌ಗೇ. ಬಿ.ಎಂ.ಶ್ರೀ. ಪ್ರತಿಷ್ಠಾನ ಇರುವುದು ಎನ್.ಆರ್. ಕಾಲೊನಿಯಲ್ಲಿ, ವ್ಯಕ್ತಿ, ಬಡಾವಣೆ ಎರಡೂ ಮೊದಲಕ್ಷರಗಳಲ್ಲೇ ಬದುಕಿವೆ.

ಇದೇ ಬಡಾವಣೆಗಳ ಮಕ್ಕಳು ಆನ್‌ಲೈನ್ ಆಟಕ್ಕೆ ಕೂತರೆ ಇನ್ನೊಂದು ಬಗೆಯ ಇನಿಷಿಯಲ್‌ಗಳು ಕೇಳಿಸುತ್ತವೆ. ಆಟಗಾರರು ಪರಸ್ಪರ ಸೆಣಸಿದರೆ ಪಿವಿಪಿ; ತಂಡ ಕಟ್ಟಿ ಹೊಡೆದಾಡಿದರೆ ಟಿಡಿಎಂ; ಮೈನ್‌ಕ್ರಾಫ್ಟ್‌ನಲ್ಲಿ ಹಲವರು ಸೇರಿ ಬದುಕು ಕಟ್ಟಿಕೊಳ್ಳುವ ಸರ್ವರ್ ಎಸ್‌ಎಂಪಿ. ಪಬ್‌ಜಿ ಮೊಬೈಲ್ ಭಾರತದಲ್ಲಿ 2020ರಲ್ಲಿ ನಿಷೇಧವಾಗಿ, 2021ರಲ್ಲಿ ಅದರ ಜಾಗಕ್ಕೆ ಬಂದ ಆಟದ ಹೆಸರೇ ಬಿಜಿಎಂಐ. ಆಟಗಳ ವೇದಿಕೆಯಾದ ಸ್ಟೀಮ್‌ನ ಜಾಲದಲ್ಲಿ ಮುಂಬೈ ಕೇಂದ್ರದ ಗುರುತು 'ಬಿಓಎಂ', ಚೆನ್ನೈಯದು 'ಎಂಎಎ'. ಎರಡೂ ವಿಮಾನ ನಿಲ್ದಾಣದ ಸಂಕೇತಗಳು. ಬಾಂಬೆ 1995ರಲ್ಲೇ ಮುಂಬೈ ಆದರೂ ಸಂಕೇತದಲ್ಲಿ ಹಳೇ ಹೆಸರೇ ನಿಂತಿದೆ, ಸಿಟಿಆರ್ ನಿಂತ ಹಾಗೆ.

ಸರ್ವರ್‌ಗಳ ಪಟ್ಟಿಯಲ್ಲಿ ಹೆಸರಿಗೆ ಸಿಗುವ ಜಾಗ ಕಿರಿದು. ಆಡುವವರು ಕ್ಷಣದಲ್ಲಿ ಗುರುತಿಸಬೇಕು, ಮೈಕ್‌ನಲ್ಲಿ ಕೂಗಿದರೆ ತಿಳಿಯಬೇಕು. ಹಾಗಾಗಿ ಮೂರು ನಾಲ್ಕು ಅಕ್ಷರಕ್ಕೆ ಇಳಿಸುವುದು ಸರಿಯೇ. ಆದರೆ ಇಂಗ್ಲಿಷ್ ಅಕ್ಷರಗಳಿಗೇ ಏಕೆ ಇಳಿಸಬೇಕು? ಇದಕ್ಕಿಂತ ಒಳ್ಳೆಯ ದಾರಿಯನ್ನು ಕನ್ನಡದವರು ಎಂದೋ ಕಂಡುಕೊಂಡಿದ್ದಾರೆ.

ಚಾಮರಾಜಪೇಟೆಯಲ್ಲಿರುವ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತನ್ನು ಎಲ್ಲರೂ ಕಸಾಪ ಎನ್ನುತ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅನಕೃ ಆದರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ತರಾಸು. ಇಂಗ್ಲಿಷಿನ ಬಿಡಿ ಅಕ್ಷರಗಳನ್ನು ಸಾಮಾನ್ಯವಾಗಿ ಒಂದೊಂದಾಗಿ ಉಚ್ಚರಿಸಬೇಕು; ನಡುವೆ ಸ್ವರ ಬಿದ್ದರೆ ಮಾತ್ರ ಅವು ಪದವಾಗಿ ಕೂಡುತ್ತವೆ. ಕನ್ನಡದ ಪ್ರತಿ ಅಕ್ಷರದೊಳಗೂ ಸ್ವರ ಇದ್ದೇ ಇರುತ್ತದೆ. ಮೂರು ಅಕ್ಷರ ಜೋಡಿಸಿದರೆ ಸಾಕು, ತಾನಾಗಿಯೇ ಒಂದು ಹೆಸರು. ತರಾಸು ಎನ್ನುವಾಗ ಅದು ಸಂಕ್ಷೇಪವೆಂಬ ನೆನಪೂ ನಮಗಿರುವುದಿಲ್ಲ.

ಚಾಮರಾಜಪೇಟೆಯ ಹುಡುಗರು 'ಚಾಮರಾಜಪೇಟೆ ರಾತ್ರಿ ಮಂಡಳಿ' ಎಂದು ಸರ್ವರ್ ಕಟ್ಟಿದರು ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಇಳಿಸಿದರೆ ಸಿಆರ್‌ಎಂ, ಐ.ಟಿ. ಕಚೇರಿಯ ಅಕ್ಕ ಅದನ್ನು ಗ್ರಾಹಕರ ಲೆಕ್ಕದ ತಂತ್ರಾಂಶ ಎಂದೇ ತಿಳಿದಾಳು. ಕನ್ನಡದಲ್ಲಿ ಇಳಿಸಿ: ಚಾರಾಮ. ಕೂಗಲು ಸುಲಭ, ಒಮ್ಮೆ ಕೇಳಿದರೆ ಮರೆಯುವುದಿಲ್ಲ, ಪೇಟೆಯ ಗುರುತೂ ಒಳಗಿದೆ.

ಒಂದು ತೊಡಕಿದೆ. ಕೆಲವು ಆಟಗಳು ಕನ್ನಡ ಲಿಪಿಯನ್ನೇ ಒಪ್ಪುವುದಿಲ್ಲ, ಒಪ್ಪಿದ ಕಡೆಯೂ ಒತ್ತಕ್ಷರ ಒಡೆದು ಕಾಣಬಹುದು. ಆದ್ದರಿಂದ ಒತ್ತಿಲ್ಲದ ಅಕ್ಷರಗಳನ್ನೇ ಆರಿಸಿಕೊಳ್ಳುವುದು ಜಾಣತನ. ಲಿಪಿ ಒಪ್ಪದಿದ್ದರೆ ಅದೇ ಚಾರಾಮವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ನಾಲಿಗೆಯ ಮೇಲೆ ಅದು ಕನ್ನಡವಾಗಿಯೇ ಇರುತ್ತದೆ. ಮೈನ್‌ಕ್ರಾಫ್ಟ್‌ನ ಪಟ್ಟಿಯಲ್ಲಿ ಹೆಸರಿನ ಕೆಳಗೆ ಎರಡು ಸಾಲಿನ ಜಾಗ ಬೇರೆ ಸಿಗುತ್ತದೆ. ಪೂರ್ತಿ ಹೆಸರನ್ನು ಅಲ್ಲಿ ಹಾಕಿ. ಹೊಸದಾಗಿ ಬಂದವರಿಗೆ ಚಾ ಎಂದರೆ ಯಾವ ಪೇಟೆ ಎಂದು ತಿಳಿಯಲಿ.