ತ್ರಿಪದಿಯ ಗಣ, ಪ್ರಾಸ ಮತ್ತು ಪುನರಾವರ್ತನೆ

ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ 1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದವರೆಗೆ ತ್ರಿಪದಿ ಕನ್ನಡದಲ್ಲಿ ಬಾಳಿಬಂದಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಕನ್ನಡದ ಬೀಸುವ ಪದವೂ ಮರಾಠಿಯ ಓವಿಯೂ ನೆರೆಹೊರೆಯವು. ಇಂಥ ಪದಗಳನ್ನು ಬರಹಕ್ಕಿಳಿಸುವಾಗ ಅವುಗಳ ಕಟ್ಟನ್ನು ಅರಿಯದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು, ಮಾದರಿಗಾಗಿಯೇ ರಚಿಸಿದ ಈ ಪದ್ಯದಲ್ಲಿ ನೋಡಬಹುದು:

ಜೋಳವಾ ನಮ್ಮವ್ವ ತಾಳದಲಿ ಬೀಸ್ಯಾಳ
ಬಾಳಿನಾ ಹಾಡ ಮಗಳೀಗಿ ಹೇಳ್ಯಾಳ
ನಾಳೆಗೂ ದನಿಯು ಉಳಿದೀತ

ತ್ರಿಪದಿಯಲ್ಲಿ ಒಟ್ಟು 11 ಅಂಶಗಣಗಳು. ಸಾಲುಗಳಲ್ಲಿ ಅವು ಕ್ರಮವಾಗಿ 4, 4, 3 ಆಗಿ ಹಂಚಿಕೊಳ್ಳುತ್ತವೆ. 6ನೆಯ ಮತ್ತು 10ನೆಯ ಗಣಗಳು ಬ್ರಹ್ಮಗಣ, ಉಳಿದವು ವಿಷ್ಣುಗಣ. ಈ ಪದ್ಯವನ್ನು ಮಾತ್ರೆಗಳಲ್ಲಿ ಎಣಿಸಿದರೆ ವಿಷ್ಣುಗಣಕ್ಕೆ 5, ಬ್ರಹ್ಮಗಣಕ್ಕೆ 3 ಮಾತ್ರೆಗಳು ದೊರೆಯುತ್ತವೆ. ‘ಹಾಡ’, ‘ದನಿಯು’ ಎಂಬಲ್ಲಿ ನಡೆ ಕುಗ್ಗಿ, ಮುಂದಿನ ಗಣದಲ್ಲಿ ಮತ್ತೆ ಹಿಗ್ಗುತ್ತದೆ.

‘ಜೋಳ’, ‘ಬಾಳಿನಾ’, ‘ನಾಳೆಗೂ’ ಈ ಮೂರರಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಳಕಾರ. ಅದರ ಹಿಂದಿನದು ದೀರ್ಘಸ್ವರ. ಇದು ಗಜಪ್ರಾಸ. ‘ತಾಳ’ ಒಳಪ್ರಾಸವಾಗಿ ಮೊದಲ ಸಾಲನ್ನು ನಡುವೆ ಹೊಲಿಯುತ್ತದೆ. ‘ಬೀಸ್ಯಾಳ’, ‘ಹೇಳ್ಯಾಳ’ ಎಂಬ ಅಂತ್ಯಪ್ರಾಸವನ್ನು ಮೂರನೆಯ ಸಾಲು ಕೈಬಿಡುವುದರಿಂದ ಪದ್ಯ ಮುಗಿಯಿತೆಂಬುದು ಕಿವಿಗೆ ತಿಳಿಯುತ್ತದೆ.

ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಸಾಗುವ ರೂಢಿಯುಂಟು. ಇಲ್ಲಿ ‘ಮಗಳೀಗಿ ಹೇಳ್ಯಾಳ’ ಎಂಬುದು ಹಾಗೆ ಮರಳಿದರೆ ಕೇಳುವವರಿಗೆ ನಾಲ್ಕು ಸಾಲುಗಳಂತೆ ತೋರುತ್ತದೆ. ಜೊತೆಗೆ ಬೀಸುವವಳು ದನಿಗೂಡಿಸಲು ಅದೇ ಎಡೆ. ಸಾಂಗತ್ಯವು ತ್ರಿಪದಿಯ ಈ ಹಾಡಿಕೆಯಿಂದ ರೂಪುಗೊಂಡಿತೆಂದು ಭಾವಿಸುವ ವಿದ್ವಾಂಸರಿದ್ದಾರೆ. ಅಚ್ಚಿನಲ್ಲಿ ಮಾತ್ರ ಈ ಮರುಕಳಿಕೆ ಮರೆಯಾಗಿ ಮೂರೇ ಸಾಲುಗಳು ಉಳಿಯುತ್ತವೆ.

ಶಿಷ್ಟರೂಪಕ್ಕೆ ತಿದ್ದುವುದರಿಂದಲೂ ಇಂಥದೇ ನಷ್ಟ. ‘ಮಗಳೀಗಿ’ಯನ್ನು ‘ಮಗಳಿಗೆ’ ಎಂದು ತಿದ್ದಿದರೆ 5 ಮಾತ್ರೆಯ ಗಣ 4ಕ್ಕಿಳಿಯುತ್ತದೆ. ‘ಬಾಳಿನಾ’ ‘ಬಾಳಿನ’ ಆದರೂ ಅಷ್ಟೇ. ಆಮೇಲೆ ಓದುವವರು ಛಂದಸ್ಸು ಕೆಟ್ಟಿದೆಯೆಂದು ಹಾಡಿದವಳನ್ನು ದೂರುತ್ತಾರೆ. ಕೆಡಿಸಿದ್ದು ತಿದ್ದಿದ ಕೈ. ಗಡಿಸೀಮೆಯ ನುಡಿಯಲ್ಲಿ ತಪ್ಪೆಂದು ತೋರುವ ದೀರ್ಘವು ಎಷ್ಟೋ ಸಲ ಲಯದ ಲೆಕ್ಕವೇ ಆಗಿರುತ್ತದೆ. ಆದುದರಿಂದ ಸಂಗ್ರಾಹಕರು ದೀರ್ಘವನ್ನು ಕೇಳಿದಂತೆಯೇ ಬರೆದು, ಮರುಕಳಿಸುವ ಭಾಗವನ್ನೂ ಗುರುತಿಸುವುದು ಅವಶ್ಯ.