ಕೊಂಡಿಯ ಮುನ್ನೋಟ: ಚಿನ್ನದ ಗಣಿಯ ಜಾಲಪುಟಗಳನ್ನು ಕುರಿತು ಒಂದು ವಿವೇಚನೆ

ಗ್ರಂಥಭಂಡಾರದಲ್ಲಿ ಪುಸ್ತಕವನ್ನು ಅರಸುವವನು ಮೊದಲು ಸೂಚಿಯ ಚೀಟಿಯನ್ನು ನೋಡುತ್ತಾನೆ. ಚೀಟಿಯೇ ತಪ್ಪಾಗಿದ್ದರೆ ಗ್ರಂಥವು ಎಷ್ಟೇ ಉತ್ತಮವಾಗಿದ್ದರೂ ಅವನ ಕೈ ಸೇರದು. ಜಾಲಪುಟವೊಂದರ ಕೊಂಡಿಯನ್ನು ವಾಟ್ಸಾಪ್, ಫೇಸ್‌ಬುಕ್ ಮೊದಲಾದವುಗಳಲ್ಲಿ ಹಂಚಿದಾಗ ಚಿತ್ರ, ಶೀರ್ಷಿಕೆ, ಕಿರುವಿವರಣೆಗಳೊಡನೆ ಮೂಡುವ ಚೌಕವೂ ಇಂತಹ ಚೀಟಿಯೇ ಸರಿ. ಈ ಮುನ್ನೋಟವನ್ನು ರೂಪಿಸುವ ಬಗೆಯನ್ನು, ಕೋಲಾರ ಚಿನ್ನದ ಗಣಿ ಪ್ರದೇಶವನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

ಕೊಂಡಿಯನ್ನು ಹಂಚಿದೊಡನೆ ತಂತ್ರಾಂಶವೊಂದು ಆ ಪುಟವನ್ನು ತಂದು, ಅದರ ತಲೆಭಾಗದಲ್ಲಿರುವ ಮೆಟಾಡೇಟಾವನ್ನು, ಎಂದರೆ ಪುಟವು ತನ್ನನ್ನು ಕುರಿತು ತಾನೇ ಕೊಡುವ ಮಾಹಿತಿಯನ್ನು, ಓದುತ್ತದೆ. ಫೇಸ್‌ಬುಕ್ ಸಂಸ್ಥೆಯು ೨೦೧೦ರಲ್ಲಿ ಪ್ರಕಟಿಸಿದ ಓಪನ್ ಗ್ರಾಫ್ ನಿಯಮಾವಳಿಯಂತೆ ಶೀರ್ಷಿಕೆ, ಬಗೆ, ಚಿತ್ರ, ವಿಳಾಸ ಎಂಬ ನಾಲ್ಕು ಅಂಶಗಳು ಅವಶ್ಯಕವಾದವು. ವಿವರಣೆ, ಭಾಷೆ, ತಾಣದ ಹೆಸರು ಐಚ್ಛಿಕ. ಇವನ್ನು ಹೇಳದೆ ಬಿಟ್ಟಲ್ಲಿ ತಂತ್ರಾಂಶವು ಊಹೆಯನ್ನು ಆಶ್ರಯಿಸಿ, ಪುಟದಲ್ಲಿ ಸಿಕ್ಕ ಯಾವುದೋ ಲಾಂಛನವನ್ನೋ ಜಾಹೀರಾತಿನ ಚಿತ್ರವನ್ನೋ ಎತ್ತಿಕೊಳ್ಳಬಹುದು.

ಊಹೆಯಿಂದಾಗುವ ಹಾನಿ ಈ ಪ್ರದೇಶಕ್ಕೆ ಹೆಚ್ಚಿನದು. ೨೦೧೮ ಮತ್ತು ೨೦೨೨ರಲ್ಲಿ ತೆರೆಕಂಡ ಚಲನಚಿತ್ರಗಳ ತರುವಾಯ 'ಕೆಜಿಎಫ್' ಎಂಬ ಮೂರಕ್ಷರಗಳು ಹಲವರಿಗೆ ಊರನ್ನಲ್ಲ, ಚಿತ್ರವನ್ನೇ ನೆನಪಿಗೆ ತರುತ್ತವೆ. ೨೦೦೧ರ ಫೆಬ್ರವರಿ ೨೮ರಂದು ಗಣಿಗಾರಿಕೆ ನಿಂತಿತು. ಅಲ್ಲಿ ದುಡಿದವರ ಬಾಳಿನ ವೃತ್ತಾಂತವನ್ನು ಹೇಳುವ ಪುಟಕ್ಕೆ 'ಕೆಜಿಎಫ್ ಇತಿಹಾಸ' ಎಂದಷ್ಟೇ ಶೀರ್ಷಿಕೆಯಿದ್ದರೆ, ಅವರ ಮಕ್ಕಳೇ ಅದನ್ನು ಚಿತ್ರರಂಗದ ಸುದ್ದಿಯೆಂದು ಬಗೆದು ದಾಟಿಹೋಗುವ ಸಂಭವವಿದೆ.

ಆದುದರಿಂದ ಶೀರ್ಷಿಕೆಯು ನಿರ್ದಿಷ್ಟವಾಗಿರಬೇಕು. 'ಕೋಲಾರ ಚಿನ್ನದ ಗಣಿಯಲ್ಲಿ ನ್ಯೂಟ್ರಿನೊ ಶೋಧ, ೧೯೬೫' ಎಂದರೆ ಸ್ಥಳ, ವಿಷಯ, ಕಾಲ ಮೂರೂ ತಿಳಿಯುತ್ತವೆ. ಉದ್ದವಾದ ವಿವರಣೆಯ ಕೊನೆಯನ್ನು ತಂತ್ರಾಂಶವು ಕತ್ತರಿಸುವುದರಿಂದ ಮುಖ್ಯಾಂಶವು ಮೊದಲಲ್ಲಿಯೇ ಬರಬೇಕು: 'ನೆಲದಿಂದ ಸುಮಾರು ೨.೩ ಕಿಲೋಮೀಟರು ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿದ ಬಗೆ.' ಹಳೆಯ ದಾಖಲೆಗಳಲ್ಲಿ ಬೌರಿಂಗ್‌ಪೇಟೆ ಎಂದಿರುವ ಊರು ಇಂದಿನ ಬಂಗಾರಪೇಟೆಯಾಗಿರುವುದರಿಂದ, ಅಂತಹ ದಾಖಲೆಗಳ ಪುಟಗಳಲ್ಲಿ ಎರಡು ಹೆಸರುಗಳನ್ನೂ ಕೊಡುವುದು ಯುಕ್ತ.

ಚಿತ್ರಕ್ಕೆ ೧೨೦೦ ಪಿಕ್ಸೆಲ್ ಅಗಲ, ೬೩೦ ಪಿಕ್ಸೆಲ್ ಎತ್ತರದ ಅಳತೆ ಸಾಮಾನ್ಯವಾಗಿ ಒಪ್ಪಿತವಾದದ್ದು. ಕೆಲವೆಡೆ ಅಂಚುಗಳು ಕತ್ತರಿಸಲ್ಪಡುವುದರಿಂದ, ಗಣಿಬಾವಿಯ ಗೋಪುರದಂತಹ ಮುಖ್ಯ ವಸ್ತುವು ನಡುವೆ ಇರಬೇಕು. ಚಿತ್ರದ ವಿಳಾಸವನ್ನು ಪೂರ್ಣವಾಗಿ ಬರೆಯಬೇಕು.

ಭಾಷೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕನ್ನಡ ಪಠ್ಯವು, ಆ ಅಕ್ಷರವಿನ್ಯಾಸವಿಲ್ಲದ ಮುನ್ನೋಟದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಎರಡನೆಯದಾಗಿ, ಈ ಪ್ರದೇಶದಲ್ಲಿ ಕನ್ನಡದೊಡನೆ ತಮಿಳು, ತೆಲುಗು ಭಾಷೆಗಳೂ ಬಳಕೆಯಲ್ಲಿವೆ. ಒಂದು ವಿಳಾಸಕ್ಕೆ ಸಾಮಾನ್ಯವಾಗಿ ಒಂದೇ ಮುನ್ನೋಟ ದೊರೆಯುವುದರಿಂದ, ಪ್ರತಿಯೊಂದು ಭಾಷೆಯ ಪುಟಕ್ಕೂ ಬೇರೆ ವಿಳಾಸವನ್ನು ಕೊಡುವುದು ಲೇಸು.

ತಿದ್ದುಪಡಿಯನ್ನು ಮುಂದಕ್ಕೆ ಹಾಕುವಂತಿಲ್ಲ. ಒಮ್ಮೆ ಓದಿದ ಮಾಹಿತಿಯನ್ನು ಜಾಲತಾಣಗಳು ಕೆಲಕಾಲ ಕೂಡಿಟ್ಟುಕೊಳ್ಳುತ್ತವೆ. ಫೇಸ್‌ಬುಕ್ಕಿನಲ್ಲಿ ಅದನ್ನು ಮತ್ತೆ ಓದಿಸುವ ಸೌಕರ್ಯವಿದೆ. ವಾಟ್ಸಾಪಿನಲ್ಲಿಯಾದರೋ ಮುನ್ನೋಟವು ಕಳುಹಿಸುವವನ ಫೋನಿನಲ್ಲಿಯೇ ಸಿದ್ಧವಾಗಿ ಸಂದೇಶದೊಡನೆ ಹೋಗುವುದರಿಂದ, ಕಳುಹಿಸಿಯಾದ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆದಕಾರಣ ಪುಟವನ್ನು ಪ್ರಕಟಿಸುವ ಮುನ್ನವೇ ಪರೀಕ್ಷಿಸತಕ್ಕದ್ದು.

ಪುಟವನ್ನು ತೆರೆಯುವವರಿಗಿಂತ ಅದರ ಮುನ್ನೋಟವನ್ನು ಮಾತ್ರ ಕಂಡು ಮುಂದೆ ಸಾಗುವವರು ಅನೇಕರು. ಅವರ ಪಾಲಿಗೆ ಗಣಿಯ ಚರಿತ್ರೆ ಆ ಎರಡು ಸಾಲುಗಳಷ್ಟೇ. ಆ ಸಾಲುಗಳನ್ನು ಯಂತ್ರದ ಊಹೆಗೆ ಬಿಡದೆ, ವಿಷಯವನ್ನು ಬಲ್ಲವರೇ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.