ಗುಡ್ಡದ ಹೊಟ್ಟೆಗೆ ಕಾವಲು ಬಂದ ಬಗೆ

ರಾಣೆಬೆನ್ನೂರಿನವರಿಗೆ ಅಭಯಾರಣ್ಯ ಅಂದರೆ ಬಯಲು. 1974ರಲ್ಲಿ ಕೃಷ್ಣಮೃಗಗಳಿಗೆಂದು 119 ಚದರ ಕಿ.ಮೀ. ಮೀಸಲಿಟ್ಟಾಗ ಕಾಯಬೇಕಾದದ್ದು ಯಾವುದು ಅನ್ನುವ ಬಗ್ಗೆ ಯಾರಿಗೂ ಗೊಂದಲ ಇರಲಿಲ್ಲ. ಹಿಂಡು ಕಣ್ಣೆದುರೇ ಜಿಗಿಯುತ್ತಿತ್ತು. ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದರೆ ಬೈಯುವ ರೈತರಿಗೂ ಅದರ ಚೆಂದ ಗೊತ್ತಿತ್ತು. ಆದರೆ ಗುಡ್ಡದ ಒಳಗಿನ ಗವಿ, ಯಾರೋ ಯಾವಾಗಲೋ ಅಗೆದು ಬಿಟ್ಟುಹೋದ ಗಣಿ, ಇವನ್ನು ಕಾಯಬೇಕು ಎಂಬ ಮಾತು ನಮ್ಮಲ್ಲಿ ಹುಟ್ಟಲು ಬಹಳ ಕಾಲ ಹಿಡಿಯಿತು. ಹುಟ್ಟಿದಾಗಲೂ ಅದು ನೇರ ದಾರಿಯಲ್ಲಿ ಬರಲಿಲ್ಲ.

ಈ ಕಥೆ ಶುರುವಾಗುವುದು ಚಿನ್ನದಿಂದ. ಹಾವೇರಿಯೂ ಗದಗವೂ ಬೇರೆ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಕಪ್ಪತಗುಡ್ಡವೂ ಬ್ಯಾಡಗಿಯೂ ಒಂದೇ ಧಾರವಾಡ ಜಿಲ್ಲೆ. ಗದಗಿನ ಬದಿಯಿಂದ ತುಂಗಭದ್ರೆಯ ದಂಡೆಯವರೆಗೆ ಚಾಚಿಕೊಂಡಿರುವ ಈ ಗುಡ್ಡಸಾಲಿನಿಂದ ಹರಿದುಬರುವ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದರು. ಸೊರಟೂರು, ಡೋಣಿ ಸುತ್ತಮುತ್ತ ಮಳೆಗಾಲ ಮುಗಿದ ಮೇಲೆ ಇದೊಂದು ಕಸುಬು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಸುತ್ತಾಡಿ, ಇವನ್ನು ಡಂಬಳ ಗುಡ್ಡಗಳೆಂದು ಕರೆದು, ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪತ್ರಿಕೆಯಲ್ಲಿ ವರದಿ ಬರೆದರು. ಜಲಗಾರರು ಆ ವರದಿಯಲ್ಲೂ ಇದ್ದಾರೆ. ಅವರು ಇರದಿದ್ದರೆ ಫೂಟ್ ಸಾಹೇಬರಿಗೆ ಯಾವ ಹಳ್ಳ ನೋಡಬೇಕೆಂದು ಯಾರು ಹೇಳುತ್ತಿದ್ದರು?

ಇದೇ ಫೂಟ್ ಹತ್ತು ವರ್ಷಗಳ ನಂತರ, 1884ರಲ್ಲಿ, ಕರ್ನೂಲು ಸೀಮೆಯ ಬಿಳ್ಳಸುರ್ಗಂ ಗವಿಗಳಲ್ಲಿ ಮಗನ ಜೊತೆ ಅಗೆತಕ್ಕೆ ಇಳಿದರು. ಅಲ್ಲಿ ಸಿಕ್ಕಿದ್ದು ಹಳೆಯ ಕಾಲದ ಪ್ರಾಣಿಗಳ ಎಲುಬು. ಚಿನ್ನಕ್ಕಾಗಿ ನೆಲ ನೋಡಿದ ಕಣ್ಣೇ ಎಲುಬಿಗಾಗಿಯೂ ನೋಡಿತು. ಆದರೆ ಗಣಿ, ಗವಿ ಎರಡರಲ್ಲೂ ಆಗಿನ ಲೆಕ್ಕ ಒಂದೇ: ಒಳಗಿನಿಂದ ಏನು ಹೊರತರಬಹುದು. ಅಲ್ಲೇ ಏನು ಉಳಿಯಬೇಕು ಅನ್ನುವ ಪ್ರಶ್ನೆಯನ್ನು ಆ ಶತಮಾನ ಕೇಳಲಿಲ್ಲ.

ಇಪ್ಪತ್ತನೇ ಶತಮಾನ ಕಾಲಿಡುತ್ತಿದ್ದಂತೆ ಬಂಡವಾಳ ಹೊತ್ತ ಕಂಪನಿಗಳು ಬಂದವು. ಹೊಸೂರು, ಕಬಲಾಯತಕಟ್ಟಿ ಕಡೆ ಬಾವಿಯಂತೆ ನೇರ ಇಳಿಯುವ ಗುಂಡಿಗಳು, ಅಡ್ಡ ಸುರಂಗಗಳು ತೆರೆದುಕೊಂಡವು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದ್ದು. ಹಾಗಾಗಿ ಅಲ್ಲಿನ ಒಂದು ಗಣಿಗೆ ಸಾಂಗ್ಲಿಯದೇ ಹೆಸರು. ಖರ್ಚಿಗೆ ತಕ್ಕಷ್ಟು ಚಿನ್ನ ಸಿಗಲಿಲ್ಲ, ಹೆಚ್ಚು ಕಾಲ ನಡೆಯಲೂ ಇಲ್ಲ. ಯಂತ್ರ ಹೋದವು, ತೂತು ಉಳಿದವು. ಅವಕ್ಕೂ ಹಿಂದಿನ, ಬೆಂಕಿ ಹಾಕಿ ಕಲ್ಲು ಸೀಳುತ್ತಿದ್ದ ಕಾಲದ ಹಳೆಗುಂಡಿಗಳು ಈ ಸೀಮೆಯ ಚಿನ್ನದ ಪಟ್ಟಿಗಳಲ್ಲಿ ಅಲ್ಲಲ್ಲಿ ಇವೆ.

ಗಣಿಗಾರರು ಹೊರಟುಹೋಗುತ್ತಿದ್ದ ಆ ವರ್ಷಗಳಲ್ಲೇ ಇನ್ನೊಂದು ತಂಡ ಈ ಭಾಗಕ್ಕೆ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಕೈಗೊಂಡ ಸಸ್ತನಿಗಳ ಸಮೀಕ್ಷೆ ಧಾರವಾಡ ಜಿಲ್ಲೆಯನ್ನೂ ಒಳಗೊಂಡಿತ್ತು. ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರದ ಬಾರಾಪೇಡೆ ಗವಿಯಲ್ಲಿ ಸಮೀಕ್ಷೆಯವರಿಗೆ ದೊಡ್ಡ ಕಿವಿಯ, ಬಾಲ ಹೊರಚಾಚಿದ ಒಂದು ತೊಗಲುಬಾವಲಿ ಕಂಡಿತು. ಲಂಡನ್ನಿನಲ್ಲಿ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಸಮೀಕ್ಷೆಯ ಹಿಂದೆ ನಿಂತಿದ್ದ, ಮುಂಬಯಿ ಪ್ರಾಂತ್ಯದ ನಿವೃತ್ತ ಅರಣ್ಯಾಧಿಕಾರಿ ರಾಟನ್ ಅವರ ಹೆಸರು ಅದಕ್ಕೆ ಸೇರಿ, ಅದು ಓಟೊಮಾಪ್ಸ್ ರಾಟೋನಿ ಆಯಿತು. ಮುಂದಿನ ಎಂಬತ್ತಕ್ಕೂ ಹೆಚ್ಚು ವರ್ಷ ಈ ಬಾವಲಿಗೆ ಲೋಕದಲ್ಲಿ ಗೊತ್ತಿದ್ದ ವಿಳಾಸ ಅದೊಂದೇ. ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಅದು ಇದೆ ಎಂದು ತಿಳಿದದ್ದು ಈ ಶತಮಾನದ ಹೊಸ್ತಿಲಲ್ಲಿ.

ಕಾನೂನಿನ ವಿಚಿತ್ರ ಇಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಹುಕಾಲ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಅದೇ ಕಾಯ್ದೆ ಆಮೇಲೆ ರಾಟನ್ ಬಾವಲಿಯನ್ನು ಹುಲಿಯಿರುವ ಮೊದಲ ಪಟ್ಟಿಗೆ ಸೇರಿಸಿತು. ಹುಲಿಯ ಸಾಲಿನಲ್ಲಿ ಕುಳಿತ ಬಾವಲಿಗೆ ಮನೆ ಬೇಕಲ್ಲ? ಬಾರಾಪೇಡೆ ಗವಿಯಿರುವ, ಮಹದಾಯಿ ನದಿ ಹುಟ್ಟುವ ಕಾಡು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು, ವಿಸ್ತೀರ್ಣ 190.42 ಚದರ ಕಿ.ಮೀ. ಬಾವಲಿಯೊಂದರಿಂದಲೇ ಅದು ಆಯಿತು ಅಂದರೆ ಉತ್ಪ್ರೇಕ್ಷೆಯಾದೀತು. ಆದರೆ ಆ ಕಾಡಿನ ಪರ ವಾದ ಮಾಡಿದವರ ಕೈಯಲ್ಲಿದ್ದ ಗಟ್ಟಿ ಪುರಾವೆಗಳಲ್ಲಿ ಅದು ಒಂದು. ಕೋಲಾರದ ಹನುಮನಹಳ್ಳಿಯ ಗವಿಗಳಿಗೂ ಹೀಗೇ ಒಂದು ಬಾವಲಿ ಗತಿಯಾಯಿತು. 1994ರಲ್ಲಿ ಹೆಸರು ಪಡೆದ ಆ ಜಾತಿಯ ಇನ್ನೂರಕ್ಕಿಂತ ಕಡಿಮೆ ಬಾವಲಿಗಳು ಕಲ್ಲುಕ್ವಾರಿಗಳ ನಡುವೆ ಬದುಕಿವೆ ಎಂದು ಗೊತ್ತಾದ ಮೇಲೆಯೇ ಸರ್ಕಾರದ ಕಣ್ಣು ಅತ್ತ ಹೊರಳಿತು. ಬಾವಲಿ ಇಲ್ಲದ ಗವಿಯಾಗಿದ್ದರೆ ಇಷ್ಟೊತ್ತಿಗೆ ಜಲ್ಲಿಯಾಗಿರುತ್ತಿತ್ತು.

ಕುದುರೆಮುಖದ್ದು ಬೇರೆ ದಾರಿ. ಇರಾನಿಗೆ ಅದಿರು ಕಳಿಸಲೆಂದು 1976ರಲ್ಲಿ ಶುರುವಾದ ಕಂಪನಿ ಅಲ್ಲಿತ್ತು. ಅದರ ಸುತ್ತಲೇ 1987ರಲ್ಲಿ ರಾಷ್ಟ್ರೀಯ ಉದ್ಯಾನದ ಅಧಿಸೂಚನೆ ಹೊರಟಿತು. ಉದ್ಯಾನವೂ ಗಣಿಯೂ ಒಂದೇ ಹಾಸಿಗೆಯಲ್ಲಿ ಹದಿನೆಂಟು ವರ್ಷ ಮಲಗಿದವು. ನಾಗರಹೊಳೆಯ ಹಳೆಯ ರೇಂಜರ್ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು; 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡ ಹೂಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಗಣಿ ನಿಲ್ಲಿಸುವುದು ಒಂದು ಕೆಲಸ, ನಿಂತ ಗಣಿಯನ್ನು ನೋಡಿಕೊಳ್ಳುವುದು ಇನ್ನೊಂದು.

ಕಪ್ಪತಗುಡ್ಡಕ್ಕೆ ಬಾವಲಿಯೂ ಒದಗಲಿಲ್ಲ, ಕೋರ್ಟೂ ಮೊದಲು ಬರಲಿಲ್ಲ. ಜನ ಬಂದರು. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾದದ್ದು ಹನ್ನೊಂದೇ ತಿಂಗಳಲ್ಲಿ ರದ್ದಾಯಿತು. ಚಿನ್ನದ ಗಣಿಗಾರಿಕೆಗೆ ಅರ್ಜಿ ಹಾಕಿದ್ದ ಕಂಪನಿ ಬಾಗಿಲಲ್ಲೇ ಇತ್ತು. ಪೋಸ್ಕೊ ಕಾರ್ಖಾನೆಯನ್ನು ಗದಗ ಜಿಲ್ಲೆಯಿಂದ ಹಿಂದಕ್ಕೆ ಕಳಿಸಿದ್ದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಧರಣಿ ಕೂತರು. ಔಷಧಿ ಬೇರು ಆರಿಸುವವರು, ಕುರಿಗಾರರು, ಕಾಲೇಜು ಹುಡುಗರು ಜೊತೆಗೂಡಿದರು. ಏಪ್ರಿಲಿನಲ್ಲಿ ಮೀಸಲು ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಸ್ವಾಮೀಜಿ ಅದನ್ನು ನೋಡಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು. ವನ್ಯಧಾಮಗಳ ಗಡಿಯಿಂದ ಒಂದು ಕಿ.ಮೀ. ಒಳಗೆ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದರೂ ಅರ್ಜಿಗಳು ನಿಂತಿಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಮತ್ತೆ ಅಂಥ ಪ್ರಸ್ತಾವಗಳನ್ನು ತಿರಸ್ಕರಿಸಬೇಕಾಯಿತು.

ಹೀಗೆ ಬಾವಲಿ, ಕೋರ್ಟು, ಮಠ, ಮೂರು ದಾರಿಯಿಂದ ಕಾವಲು ಬಂತು. ಮೂರರಲ್ಲೂ ಕಾಯ್ದೆಯ ಲೆಕ್ಕ ಮೇಲ್ಮೈಯದು, ಚದರ ಕಿಲೋಮೀಟರಿನದು. ಅಭಯಾರಣ್ಯದೊಳಗಿನ ಗವಿಗೆ ರಕ್ಷಣೆ ಸಿಗುತ್ತದೆ, ನಿಜ. ಆದರೆ ಅದು ಗವಿ ಎಂಬ ಕಾರಣಕ್ಕಲ್ಲ. ಅಮೆರಿಕದಲ್ಲಿ 1988ರಿಂದ ಗವಿಗಳಿಗಾಗಿಯೇ ಒಂದು ಕಾಯ್ದೆ ಇದೆ. ಸರ್ಕಾರಿ ನೆಲದ ಮಹತ್ವದ ಗವಿ ಎಲ್ಲಿದೆ ಎಂಬುದನ್ನೇ ಗುಟ್ಟಾಗಿಡಲು ಅದು ಅವಕಾಶ ಕೊಡುತ್ತದೆ. (ಅದಕ್ಕೇ ನಾನೂ ಬಾರಾಪೇಡೆಗೆ ದಾರಿ ಹೇಳುತ್ತಿಲ್ಲ, ರೀಲ್ಸ್ ಮಾಡುವವರ ಟಾರ್ಚಿನ ಬೆಳಕು ಮರಿ ಹಾಕಿದ ಬಾವಲಿಗೆ ಕ್ವಾರಿಯ ಸಿಡಿಮದ್ದಿಗಿಂತ ಹೆಚ್ಚು ಸೌಮ್ಯವೇನಲ್ಲ.) ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಪಾಳುಗಣಿಯ ಬಾಯಿಯನ್ನು ಮಣ್ಣು ಸುರಿದು ಮುಚ್ಚುವ ಮುಂಚೆ ಒಳಗೆ ಬಾವಲಿ ಇವೆಯೇ ಎಂದು ನೋಡುತ್ತಾರೆ. ಇದ್ದರೆ ಅಡ್ಡ ಸರಳುಗಳ ಉಕ್ಕಿನ ಬಾಗಿಲು ಕೂರಿಸುತ್ತಾರೆ. ಸರಳುಗಳ ನಡುವೆ ಸುಮಾರು ಹದಿನೈದು ಸೆಂ.ಮೀ. ಸಂದು. ಬಾವಲಿ ಹಾರಿಬರುತ್ತದೆ, ಗಾಳಿ ಆಡುತ್ತದೆ, ಮನುಷ್ಯ ಹೊರಗುಳಿಯುತ್ತಾನೆ. ನಮ್ಮ ಕಡೆ ಕುರಿ ಬೀಳದಿರಲೆಂದು ಬಾಯಿಗೆ ಜಾಲಿಮುಳ್ಳು ಒತ್ತಿಬಿಡುವುದು ರೂಢಿ. ಕುರಿ ಉಳಿಯುತ್ತದೆ, ಒಳಗಿನ ಜೀವದ ಗತಿ ಯಾರೂ ಕೇಳುವುದಿಲ್ಲ. ಭೂಪರಂಪರೆಯ ತಾಣಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿದ ಮಸೂದೆ ಕರಡಾಗಿಯೇ ಉಳಿದಿದೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಅರಣ್ಯ ಇಲಾಖೆಯವರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರೂ ಒಮ್ಮೆ ಒಟ್ಟಿಗೆ ಕಪ್ಪತಗುಡ್ಡ ಹತ್ತಿ, ಪ್ರತಿ ಗುಂಡಿ, ಸುರಂಗ, ಗವಿಯ ಬಾಯಿಗೂ ಒಂದು ನಂಬರು ಕೊಟ್ಟು ದಫ್ತರ ಮಾಡಬಹುದು: ಎಷ್ಟು ಆಳ, ಒಳಗೆ ನೀರಿದೆಯೇ, ಕಿರುಬದ ಗುರುತಿದೆಯೇ, ಬಾವಲಿಯ ಹಿಕ್ಕೆ ಬಿದ್ದಿದೆಯೇ. ಚಿನ್ನದ ನಿಕ್ಷೇಪ ಗುರುತಿಸಿರುವ ಹಾವೇರಿ ಪಕ್ಕದ ಗಣಜೂರಿಗೂ ನಾಳೆ ಅಂಥದೊಂದು ದಫ್ತರ ಬೇಕಾಗುತ್ತದೆ. ಕೆಲಸ ಸೊನ್ನೆಯಿಂದ ಶುರುವಾಗಬೇಕಾಗಿಯೂ ಇಲ್ಲ. ಮೊದಲ ಹಾಳೆಯನ್ನು 1874ರಲ್ಲೇ ಫೂಟ್ ಬರೆದಿಟ್ಟಿದ್ದಾರೆ.